ಸಂದರ್ಶನಕ್ಕೆ ಹೊರಟ ಅಕ್ಕ

ಮಕ್ಕಳೇ, ‘ಸಂದರ್ಶನ’ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಪಂದ್ಯ ಗೆದ್ದ ಆಟಗಾರನ ಮುಂದೆ ಮೈಕು ಹಿಡಿಯುತ್ತಾರಲ್ಲ, ಅದೇ ತಾನೆ? ಅದೂ ಸಂದರ್ಶನವೇ. ಆದರೆ ಅಲ್ಲಿ ಗೆದ್ದ ಮೇಲೆ ಪ್ರಶ್ನೆ ಕೇಳುತ್ತಾರೆ. ನಾನು ಈ ವಾರ ಹೇಳಹೊರಟಿರುವ ಸಂದರ್ಶನದಲ್ಲಿ ಮೊದಲು ಪ್ರಶ್ನೆ, ಗೆಲುವು ಸೋಲು ಆಮೇಲೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಓದು ಮುಗಿಸಿದ ಅಕ್ಕ ಅಥವಾ ಅಣ್ಣ ಇದ್ದರೆ ನೀವು ಇದನ್ನು ನೋಡಿರುತ್ತೀರಿ. ಒಂದು ದಿನ ಫೋನಿಗೆ ಸಂದೇಶ ಬರುತ್ತದೆ. ಅವತ್ತಿನಿಂದ ಮನೆಯಲ್ಲಿ ಟಿ.ವಿ. ಸದ್ದು ತಗ್ಗುತ್ತದೆ. ಅಕ್ಕ ಕನ್ನಡಿಯ ಮುಂದೆ ನಿಂತು ತನ್ನಷ್ಟಕ್ಕೆ ಮಾತಾಡುತ್ತಾಳೆ. ಅಮ್ಮ ಯಾಕೋ ಪದೇ ಪದೇ ದೇವರ ಮನೆಗೆ ಹೋಗುತ್ತಾಳೆ. ಅಜ್ಜ ಅಜ್ಜಿಗೆ ಮಾತ್ರ ತಾವು ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ‘ನಮ್ಮ ಕಾಲವೇ ಬೇರೆ, ಇದೆಲ್ಲ ನಮಗೆಲ್ಲಿ ತಿಳಿಯುತ್ತೆ’ ಎಂದು ಜಗಲಿಗೆ ಬಂದು ಕೂರುತ್ತಾರೆ. ಹಾಗೆ ಜಗಲಿಗೆ ಬರಬೇಕಾಗಿಲ್ಲ ಎಂದು ಹೇಳುವುದಕ್ಕೇ ಈ ವಾರದ ಬರಹ.

ನನ್ನ ಮೊಮ್ಮಗಳು ಸಿ.ಎ. ಓದುತ್ತಿದ್ದಾಳೆ. ಚಾರ್ಟರ್ಡ್ ಅಕೌಂಟೆಂಟ್ ಎನ್ನುತ್ತಾರಲ್ಲ, ಅದು. ಕನ್ನಡದಲ್ಲಿ ಲೆಕ್ಕ ಪರಿಶೋಧಕರು ಎನ್ನುತ್ತೇವೆ. ಒಬ್ಬ ವ್ಯಾಪಾರಿಯೋ ಕಾರ್ಖಾನೆಯೋ ಸಹಕಾರ ಸಂಘವೋ ‘ಈ ವರ್ಷ ನಮಗೆ ಇಷ್ಟು ಬಂತು, ಇಷ್ಟು ಹೋಯಿತು, ಇಷ್ಟು ಉಳಿಯಿತು’ ಎಂದು ಲೆಕ್ಕ ಬರೆದಿಡುತ್ತದೆ. ಆ ಲೆಕ್ಕ ಸರಿಯಾಗಿದೆಯೇ ಎಂದು ಹೊರಗಿನವರೊಬ್ಬರು ಬಂದು ನೋಡಿ ಸಹಿ ಹಾಕಬೇಕು. ಆ ಸಹಿ ನಂಬಿ ಬ್ಯಾಂಕು ಸಾಲ ಕೊಡುತ್ತದೆ, ಜನ ಹಣ ಹೂಡುತ್ತಾರೆ. ಹೀಗೆ ಸಹಿ ಹಾಕುವ ಅಧಿಕಾರ ಇರುವವರು ಇವರು. ನಮ್ಮ ದೇಶದಲ್ಲಿ ಇದಕ್ಕೆಂದೇ 1949ರಲ್ಲಿ ಕಾನೂನು ಬಂತು. ಅದೇ ವರ್ಷ ಜುಲೈ 1ರಂದು ಇವರ ಸಂಸ್ಥೆ ಶುರುವಾಯಿತು. ಈಗಲೂ ಜುಲೈ 1 ಸಿ.ಎ. ದಿನ. ಜಿ.ಎಸ್.ಟಿ. ಎಂಬ ತೆರಿಗೆ ಜಾರಿಗೆ ಬಂದದ್ದೂ 2017ರ ಜುಲೈ 1ರಂದೇ. ರಸಪ್ರಶ್ನೆಯಲ್ಲಿ ಉಪಯೋಗಕ್ಕೆ ಬಂದೀತು, ನೆನಪಿಟ್ಟುಕೊಳ್ಳಿ.

ಈ ಓದಿನಲ್ಲಿ ಮೂರು ಮೆಟ್ಟಿಲು. ಪಿ.ಯು.ಸಿ. ಆದಮೇಲೆ ಫೌಂಡೇಶನ್, ನಂತರ ಇಂಟರ್‌ಮೀಡಿಯೆಟ್, ಕೊನೆಗೆ ಫೈನಲ್. ಎರಡನೆಯ ಮೆಟ್ಟಿಲಿಗೂ ಮೂರನೆಯ ಮೆಟ್ಟಿಲಿಗೂ ನಡುವೆ ಇನ್ನೊಂದಿದೆ. ಅನುಭವಸ್ಥ ಲೆಕ್ಕ ಪರಿಶೋಧಕರ ಕೈಕೆಳಗೆ ಎರಡು ವರ್ಷ ಕೆಲಸ ಕಲಿಯಬೇಕು. ಹಿಂದೆ ಇದು ಮೂರು ವರ್ಷ ಇತ್ತು, 2023ರಲ್ಲಿ ಹೊಸ ಪದ್ಧತಿ ಬಂದಮೇಲೆ ಎರಡಾಯಿತು. ಇದಕ್ಕೆ ಆರ್ಟಿಕಲ್‌ಶಿಪ್ ಎಂದು ಹೆಸರು. ಆರ್ಟಿಕಲ್ ಎಂದರೆ ಪತ್ರಿಕೆಯ ಲೇಖನ ಎಂದುಕೊಳ್ಳಬೇಡಿ. ಒಪ್ಪಂದದ ಕಲಮುಗಳಿಗೂ ಇಂಗ್ಲಿಷಿನಲ್ಲಿ ಅದೇ ಮಾತು. ಗುರು ಶಿಷ್ಯರ ನಡುವಿನ ಕರಾರಿನಿಂದ ಬಂದ ಹೆಸರು ಅದು. ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹೀಗೆ ಕಲಿಯಲು ಶಿಷ್ಯನ ಮನೆಯವರೇ ಗುರುವಿಗೆ ದೊಡ್ಡ ಮೊತ್ತ ತೆರಬೇಕಿತ್ತು. ಈಗ ಉಲ್ಟಾ. ಕಲಿಯುವವರಿಗೇ ತಿಂಗಳು ತಿಂಗಳು ಭತ್ಯೆ ಕೊಡುತ್ತಾರೆ.

ಹಾಗೆ ಕಲಿಯಲು ಸೇರುವ ಜಾಗಕ್ಕೆ ಫರ್ಮ್ ಎನ್ನುತ್ತಾರೆ. ಅಲ್ಲಿ ಯಂತ್ರ ಇಲ್ಲ, ಗೋದಾಮು ಇಲ್ಲ, ಮಾರಲು ಸಾಮಾನೂ ಇಲ್ಲ. ನಾಲ್ಕಾರು ಪಾಲುದಾರರು, ಅವರ ಕೈಕೆಳಗೆ ಹತ್ತಿಪ್ಪತ್ತು ಜನ, ಮೇಜು ತುಂಬ ಕಡತ. ಅವರು ಮಾರುವುದು ತಿಳಿವಳಿಕೆ ಮತ್ತು ನಂಬಿಕೆ. ವಕೀಲರ ಕಚೇರಿಗಳೂ ಹೀಗೆಯೇ. ಆದ್ದರಿಂದ ಹೊಸಬರನ್ನು ಸೇರಿಸಿಕೊಳ್ಳುವಾಗ ಅಂಕಪಟ್ಟಿ ಒಂದನ್ನೇ ನೋಡಿದರೆ ಸಾಲದು. ಎದುರಿಗೆ ಕೂರಿಸಿಕೊಂಡು ಮಾತಾಡಿಸಿ ನೋಡುತ್ತಾರೆ.

ನಮ್ಮ ಹುಡುಗಿಗೆ ಬೆಂಗಳೂರಿನ ಜಯನಗರದ ಒಂದು ಫರ್ಮಿನಿಂದ ಕರೆ ಬಂದಾಗ ಕೈಯಲ್ಲಿ ಒಂಬತ್ತು ದಿನ ಇತ್ತು. ಮೊದಲನೆಯ ದಿನವೇ ಮನೆಯಲ್ಲಿ ಜಗಳ.

ಜಗಳದ ಕಾರಣ ಬಯೋಡೇಟಾ. ಇಂಟರ್‌ಮೀಡಿಯೆಟ್‌ನಲ್ಲಿ ಆರು ಪತ್ರಿಕೆ, ಎರಡು ಗುಂಪು. ಪ್ರತಿ ಪತ್ರಿಕೆಯಲ್ಲೂ 40 ಬರಬೇಕು, ಒಟ್ಟು ಸೇರಿಸಿದರೆ ಶೇಕಡಾ 50 ಆಗಬೇಕು. ಇವಳು ಮೊದಲ ಗುಂಪು ಒಂದೇ ಸಲಕ್ಕೆ ದಾಟಿದಳು. ಎರಡನೆಯ ಗುಂಪಿನ ಒಂದು ಪತ್ರಿಕೆಯಲ್ಲಿ 38 ಬಂತು. ಎರಡೇ ಅಂಕ! ಗುಂಪು ಪೂರ್ತಿ ಮತ್ತೆ ಬರೆಯಬೇಕಾಯಿತು. ಮುಂದಿನ ಸಲ ಬರೆದು ಪಾಸಾದಳು. ಈಗ ಪ್ರಶ್ನೆ, ಆ 38ರ ವಿಷಯ ಹೇಳಬೇಕೇ ಬೇಡವೇ?

‘ಅದನ್ನ್ಯಾಕೆ ಬರೀತೀಯ? ಪಾಸಾಗಿದೀಯ ಅಂತ ಬರಿ ಸಾಕು. ಅವರಾಗಿ ಕೇಳಿದ್ರೆ ಜ್ವರ ಬಂದಿತ್ತು ಅನ್ನು’ ಎಂದ ಅವಳ ಮಾವ.

‘ಜ್ವರ ಬಂದಿರ್ಲಿಲ್ಲವಲ್ಲ ಮಾವ’ ಎಂದಳು.

‘ಎಲ್ಲರೂ ಹಂಗೇ ಹೇಳೋದು ಕಣೇ.’

ಅವಳು ನನ್ನ ಮುಖ ನೋಡಿದಳು. ‘ತಾತ, ನೀವೇನಂತೀರಿ?’

ನಾನು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ 34 ವರ್ಷ ಲೆಕ್ಕ ಬರೆದವನು. ದಿನದ ವ್ಯವಹಾರ ಕಿರ್ದಿಗೆ, ಅಲ್ಲಿಂದ ಒಬ್ಬೊಬ್ಬರ ಹೆಸರಿನ ಖಾತೆಗೆ. ಕಿರ್ದಿಯಲ್ಲಿ ತಪ್ಪು ಬಿದ್ದರೆ ನಮ್ಮ ಸಾಹುಕಾರರು ಅಳಿಸಲು ಬಿಡುತ್ತಿರಲಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಂಕಿ ಕಾಣುತ್ತಿರಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಅಳಿಸಿದ ಪುಸ್ತಕವನ್ನು ಯಾರೂ ನಂಬುವುದಿಲ್ಲ, ಗೆರೆ ಎಳೆದ ಪುಸ್ತಕವನ್ನು ನಂಬುತ್ತಾರೆ. ಅದನ್ನೇ ಅವಳಿಗೆ ಹೇಳಿದೆ. ‘ಅಂಕಪಟ್ಟಿ ಮೇಲೆ ತಾರೀಕು ಇರುತ್ತೆ ಮಗಳೇ. ಅವರು ಲೆಕ್ಕ ನೋಡೋ ಜನ, ಎರಡು ತಾರೀಕು ನೋಡಿದ್ರೆ ಸಾಕು, ಗೊತ್ತಾಗುತ್ತೆ. ಅವರು ಹುಡುಕಿ ತೆಗೆಯೋದಕ್ಕಿಂತ ನೀನೇ ಹೇಳೋದು ಲೇಸು’ ಎಂದೆ.

ಬಯೋಡೇಟಾ ಒಂದೇ ಪುಟ ಮಾಡಿದಳು. ಮೊದಲ ಗುಂಪು ಯಾವಾಗ, ಎರಡನೆಯ ಗುಂಪು ಯಾವಾಗ ಎಂದು ಬರೆದಳು. ‘ಹವ್ಯಾಸ: ಪುಸ್ತಕ ಓದುವುದು’ ಎಂಬ ಸಾಲನ್ನು ಹೊಡೆದು ಹಾಕಿದಳು. ‘ಯಾವ ಪುಸ್ತಕ ಅಂತ ಕೇಳಿದ್ರೆ ಎರಡು ವರ್ಷದಿಂದ ಪಠ್ಯಪುಸ್ತಕ ಬಿಟ್ಟು ಬೇರೇನೂ ಓದಿಲ್ಲ ತಾತ’ ಎಂದು ನಕ್ಕಳು. ಅದರ ಬದಲು ‘ಅಪ್ಪನ ಕಿರಾಣಿ ಅಂಗಡಿಯ ಲೆಕ್ಕವನ್ನು ನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ’ ಎಂದು ಸೇರಿಸಿದಳು. ಅದು ನಿಜ. ಅದರ ಮೇಲೆ ಎಷ್ಟು ಪ್ರಶ್ನೆ ಬೇಕಾದರೂ ಬರಲಿ, ಅವಳಿಗೆ ಭಯವಿಲ್ಲ. ಮಕ್ಕಳೇ, ಬಯೋಡೇಟಾದ ಪ್ರತಿ ಸಾಲೂ ಒಂದು ಬಾಗಿಲು. ಯಾವ ಬಾಗಿಲನ್ನು ತಟ್ಟಿದರೂ ಒಳಗೆ ನೀವು ಇರಬೇಕು.

ಎರಡನೆಯ ಮೂರನೆಯ ದಿನ, ಆ ಫರ್ಮಿನ ವಿಷಯ ತಿಳಿದುಕೊಂಡಳು. ಲೆಕ್ಕ ಪರಿಶೋಧಕರು ಸೀರೆ ಅಂಗಡಿಯವರಂತೆ ಜಾಹೀರಾತು ಹಾಕಿ ಗಿರಾಕಿಗಳನ್ನು ಕರೆಯುವಂತಿಲ್ಲ, ಹಿಂದಿನಿಂದಲೂ ಅವರಿಗೆ ಕಟ್ಟುಪಾಡು ಇದೆ. ಹಾಗಾಗಿ ಹೊರಗಿನಿಂದ ಹೆಚ್ಚು ತಿಳಿಯುವುದಿಲ್ಲ. ಕಾಲೇಜಿನಲ್ಲಿ ಇವಳಿಗಿಂತ ಮುಂದಿದ್ದ ಹುಡುಗಿಯೊಬ್ಬಳು ಅಲ್ಲೇ ಕಲಿಯುತ್ತಿದ್ದಳು. ಅವಳಿಗೆ ಫೋನು ಮಾಡಿದಳು. ಅಲ್ಲಿ ಹೆಚ್ಚಾಗಿ ಯಾವ ಕೆಲಸ, ಆಡಿಟ್ಟೋ ತೆರಿಗೆಯೋ? ಹೊರ ಊರಿಗೆ ಹೋಗಬೇಕಾಗುತ್ತದೆಯೇ? ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಾರೆ? ಫೈನಲ್ ಪರೀಕ್ಷೆಗೆ ಓದಲು ರಜೆ ಸಿಗುತ್ತದೆಯೇ? ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಹೆಣ್ಣು ಕೊಡುವಾಗ ಗಂಡಿನ ಮನೆ ವಿಚಾರಿಸುತ್ತೇವೆ, ಎರಡು ವರ್ಷ ದುಡಿಯುವ ಮನೆಯನ್ನೂ ವಿಚಾರಿಸಬೇಡವೇ ಎಂದಳು ನಮ್ಮಾಕೆ.

ನಾಲ್ಕನೆಯ ದಿನದಿಂದ ಪಾಠ. ಇಲ್ಲಿ ನನ್ನ ಕೆಲಸ ಕಡಿಮೆ, ಅವಳ ಅಜ್ಜಿಯದೇ ಹೆಚ್ಚು. ಓದಿದ್ದನ್ನು ಗಟ್ಟಿ ಮಾಡಿಕೊಳ್ಳಲು ಅಜ್ಜಿಗಿಂತ ಒಳ್ಳೆಯ ಪರೀಕ್ಷಕರಿಲ್ಲ. ಅವಳಿಗೆ ಇಂಗ್ಲಿಷ್ ಬಾರದು, ಲೆಕ್ಕಶಾಸ್ತ್ರದ ಪಾರಿಭಾಷಿಕ ಪದ ಒಂದೂ ಗೊತ್ತಿಲ್ಲ, ಅರ್ಥವಾಗದಿದ್ದರೆ ಸುಮ್ಮನೆ ತಲೆಯಾಡಿಸುವವಳೂ ಅಲ್ಲ.

‘ಸವಕಳಿ ಅಂದ್ರೇನು ಹೇಳು’ ಎಂದಳು ಅಜ್ಜಿ, ಮೊರದಲ್ಲಿ ಅಕ್ಕಿ ಆರಿಸುತ್ತಾ. ಮೊಮ್ಮಗಳು ಪುಸ್ತಕದ ಭಾಷೆಯಲ್ಲಿ ಎರಡು ವಾಕ್ಯ ಹೇಳಿದಳು. ‘ನಂಗರ್ಥ ಆಗ್ಲಿಲ್ಲ’ ಎಂದಳು ಅಜ್ಜಿ. ಹುಡುಗಿ ಸ್ವಲ್ಪ ಯೋಚಿಸಿ ಮತ್ತೆ ಹೇಳಿದಳು. ‘ಅಪ್ಪ ಅಂಗಡಿಗೆ 30,000 ಕೊಟ್ಟು ಫ್ರಿಜ್ಜು ತಂದ್ರು ಅಂತಿಟ್ಕೊ ಅಜ್ಜಿ. ಅದು ಹತ್ತು ವರ್ಷ ಬಾಳಿಕೆ ಬರುತ್ತೆ. ಇಷ್ಟೂ ದುಡ್ಡನ್ನ ಈ ವರ್ಷದ ಖರ್ಚು ಅಂತ ಬರೆದ್ರೆ ಈ ವರ್ಷ ನಷ್ಟ, ಮುಂದಿನ ಒಂಬತ್ತು ವರ್ಷ ಸುಳ್ಳು ಲಾಭ. ಅದಕ್ಕೇ ವರ್ಷಕ್ಕೆ 3,000ದಂತೆ ಹಂಚಿ ಬರೆಯೋದು.’ ಅಜ್ಜಿ ಮೊರ ಕೆಳಗಿಟ್ಟಳು. ‘ಹಂಗನ್ನು ಮತ್ತೆ! ಇದನ್ನ ಮೊದಲೇ ಹೇಳೋಕೇನಾಗಿತ್ತು?’

ಮಾರನೆಯ ದಿನ ಅಜ್ಜಿಯೇ ಪ್ರಶ್ನೆ ತಂದಳು. ‘ಲಾಭ ಬಂತು ಬಂತು ಅಂತಾರೆ, ಕೈಯಲ್ಲಿ ಕಾಸಿರಲ್ಲ. ಅದ್ಯಾಕೆ?’

ಇದು ಮಕ್ಕಳಿಗೂ ಸ್ವಾರಸ್ಯವಾದ ಲೆಕ್ಕ, ಪೆನ್ಸಿಲ್ ಹಿಡಿಯಿರಿ. ಅಜ್ಜಿ ಹಪ್ಪಳ ಮಾಡಿ ಮಾರುತ್ತಾಳೆ ಎಂದುಕೊಳ್ಳೋಣ. ಉದ್ದು, ಎಣ್ಣೆ, ಇಂಗಿಗೆ 600 ರೂಪಾಯಿ ರೊಕ್ಕ ಕೊಟ್ಟು ತಂದಳು. ಹಪ್ಪಳವೆಲ್ಲ 1,000 ರೂಪಾಯಿಗೆ ಮಾರಾಟವಾಯಿತು. ಲಾಭ 400. ಆದರೆ ಕೊಂಡವರಲ್ಲಿ 300 ರೂಪಾಯಿಯಷ್ಟು ಮಾತ್ರ ಕೈಗೆ ಬಂತು, 700 ರೂಪಾಯಿ ಉದ್ರಿ. ಈಗ ಕೈಯಲ್ಲಿ ಏನಾಯಿತು? ಹೋದದ್ದು 600, ಬಂದದ್ದು 300. ಮೊದಲಿದ್ದುದಕ್ಕಿಂತ 300 ಕಡಿಮೆ! ಪುಸ್ತಕದಲ್ಲಿ 400 ಲಾಭ, ಡಬ್ಬಿಯಲ್ಲಿ 300 ಕೊರತೆ. ಎರಡೂ ನಿಜ. ಉದ್ರಿ ವಸೂಲಾದ ದಿನ ಎರಡೂ ತಾಳೆಯಾಗುತ್ತವೆ. ವಸೂಲಾಗದಿದ್ದರೆ ಲಾಭವೇ ಕರಗುತ್ತದೆ. ಚೆನ್ನಾಗಿ ನಡೆಯುತ್ತಿದ್ದಂತೆ ಕಾಣುವ ಅಂಗಡಿ ಒಮ್ಮೊಮ್ಮೆ ಬಾಗಿಲು ಹಾಕುವುದು ಇದರಿಂದಲೇ.

ನನ್ನ ಪಾಲಿಗೆ ಬಂದದ್ದು ಹಳೆಯ ಕಥೆ ಹೇಳುವುದು. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿಯನ್ನು ಇಟಲಿಯ ಲೂಕಾ ಪಚೋಲಿ ಎಂಬ ಸಂನ್ಯಾಸಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ವಿವರಿಸಿದ. ಪದ್ಧತಿ ಅವನು ಕಂಡುಹಿಡಿದದ್ದಲ್ಲ, ಅಲ್ಲಿನ ವ್ಯಾಪಾರಿಗಳು ಅದಕ್ಕೂ ಮೊದಲೇ ಹಾಗೆ ಬರೆಯುತ್ತಿದ್ದರು. ನಮ್ಮ ದೇಶದಲ್ಲಿ ಲೆಕ್ಕ ಪರಿಶೋಧಕರ ಪರೀಕ್ಷೆಯಲ್ಲಿ 1933ರಲ್ಲಿ ತೇರ್ಗಡೆಯಾದ ಮದರಾಸಿನ ಆರ್. ಶಿವಭೋಗಂ ಈ ವೃತ್ತಿಯ ಮೊದಲ ಮಹಿಳೆ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿದ್ದವರು ಅವರು. ಇದನ್ನು ಕೇಳಿದ ಮೇಲೆ ನಮ್ಮ ಹುಡುಗಿ ‘ಜೈಲಿಗೆ ಹೋಗಿ ಬಂದವರೇ ಪಾಸು ಮಾಡಿದಾರೆ, ನನ್ನ 38 ಯಾವ ಲೆಕ್ಕ’ ಎಂದಳು. ನನಗೂ ಧೈರ್ಯ ಬಂತು.

ಅವಳ ನಿಜವಾದ ಹೆದರಿಕೆ ಇಂಗ್ಲಿಷಿನದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಓದಿದರೆ ಅರ್ಥವಾಗುತ್ತದೆ, ಬರೆಯಲೂ ಬರುತ್ತದೆ, ಬಾಯಿ ತೆರೆದರೆ ಮಾತ್ರ ಗಂಟಲು ಕಟ್ಟುತ್ತದೆ. ಇದಕ್ಕೆ ಒಂದೇ ಮದ್ದು, ಗಟ್ಟಿಯಾಗಿ ಮಾತಾಡುವುದು. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಎರಡು ನಿಮಿಷದ ಉತ್ತರ ಸಿದ್ಧ ಮಾಡಿ, ದಿನಕ್ಕೆ ಹತ್ತು ಸಲ ಹೇಳಿದಳು. ಬಾಯಿಪಾಠ ಮಾಡಲಿಲ್ಲ, ಬಾಯಿಪಾಠ ಮಾಡಿದ್ದು ನಡುವೆ ಒಂದು ಪದ ಮರೆತರೆ ಪೂರ್ತಿ ನಿಂತುಹೋಗುತ್ತದೆ. ಹೇಳಬೇಕಾದ ನಾಲ್ಕು ವಿಷಯ ಮಾತ್ರ ಮನಸ್ಸಿನಲ್ಲಿಟ್ಟುಕೊಂಡಳು: ಊರು ಮತ್ತು ಮನೆ, ಓದು, ಅಂಗಡಿಯ ಲೆಕ್ಕ, ಈ ಕೆಲಸವನ್ನೇ ಯಾಕೆ ಕಲಿಯಬೇಕು. ಏಳನೆಯ ತರಗತಿಯ ತಮ್ಮ ಪರೀಕ್ಷಕನಾಗಿ ಕುರ್ಚಿಯ ಮೇಲೆ ಕೂತ. ಅವನಿಗೆ ಅದು ಭಾರಿ ಖುಷಿಯ ಕೆಲಸ. ಅಕ್ಕ ಬಾಗಿಲು ತಟ್ಟಿ ‘ಒಳಗೆ ಬರಬಹುದೇ’ ಎಂದರೆ, ‘ಸ್ವಲ್ಪ ಹೊರಗೆ ಕಾಯಿರಿ’ ಎಂದು ಎರಡು ಸಲ ವಾಪಸ್ಸು ಕಳಿಸಿದ.

ಗೊತ್ತಿಲ್ಲದ ಪ್ರಶ್ನೆ ಬಂದರೆ? ಅದನ್ನೂ ಅಭ್ಯಾಸ ಮಾಡಿದೆವು. ‘ಇದು ನನಗೆ ಈಗ ಗೊತ್ತಿಲ್ಲ ಸರ್, ನೋಡಿ ತಿಳಿದುಕೊಳ್ಳುತ್ತೇನೆ’ ಎಂದು ತಲೆ ತಗ್ಗಿಸದೆ ಹೇಳುವುದು. ಸುಲಭ ಅನ್ನಿಸುತ್ತದೆ, ಹೇಳಿ ನೋಡಿ. ನಾಲಿಗೆ ತಂತಾನೇ ಏನಾದರೂ ಹೊಂದಿಸಿ ಹೇಳಲು ಹೊರಡುತ್ತದೆ. ಲೆಕ್ಕ ನೋಡುವವರ ಮುಂದೆ ಊಹೆಯನ್ನು ಸತ್ಯವೆಂದು ಹೇಳುವುದಕ್ಕಿಂತ ದೊಡ್ಡ ಅಪಾಯ ಬೇರೆ ಇಲ್ಲ.

ಹಿಂದಿನ ದಿನ ಕಡತ ಜೋಡಿಸಿದಳು. ಮೂಲ ಅಂಕಪಟ್ಟಿಗಳು, ಎರಡೆರಡು ಜೆರಾಕ್ಸು, ಭಾವಚಿತ್ರ, ಬಯೋಡೇಟಾದ ಮೂರು ಪ್ರತಿ, ಬರೆಯುವ ಎರಡು ಪೆನ್ನು. ಹೊಸ ಬಟ್ಟೆ ಬೇಡ ಎಂದೆವು, ತೊಟ್ಟು ರೂಢಿಯಾದ ಒಗೆದು ಇಸ್ತ್ರಿ ಮಾಡಿದ ಚೂಡಿದಾರ ಸಾಕು. ಚಪ್ಪಲಿಯೂ ಹಳೆಯದೇ, ಕಚ್ಚಬಾರದು ನೋಡಿ. ತಿಪಟೂರಿನಿಂದ ಬೆಂಗಳೂರಿಗೆ ಬೆಳಗಿನ ರೈಲಿದೆ. ಆದರೂ ಹಿಂದಿನ ಸಂಜೆಯೇ ಹೊರಟು ಅತ್ತೆಯ ಮನೆಯಲ್ಲಿ ಉಳಿದಳು. ರೈಲು ತಡವಾದದ್ದು ನಿಜವಾದ ಕಾರಣವೇ ಆದರೂ ಎದುರಿಗೆ ಕೂತವರಿಗೆ ಅದು ಹಳೆಯ ನೆಪ.

ಹಿರಿಯರೇ, ಈಗ ನಿಮಗೆ ಎರಡು ಮಾತು. ಅವತ್ತು ಬೆಳಿಗ್ಗೆ ಉಪದೇಶ ಬೇಡ. ಹೇಳಬೇಕಾದದ್ದನ್ನು ಹಿಂದಿನ ರಾತ್ರಿಗೇ ಮುಗಿಸಿ. ‘ಎದುರುಮನೆ ಹುಡುಗ ಹೋದಸಲವೇ ಸೇರಿದ’ ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳಿ. ಹೊಟ್ಟೆಗೆ ಹಗುರವಾದದ್ದು ಕೊಡಿ. ಮುಖ್ಯವಾಗಿ ಫೋನು ಮಾಡಬೇಡಿ. ಅವರಾಗಿ ಮಾಡುತ್ತಾರೆ. ಆ ಬೆಳಿಗ್ಗೆ ನಾನು ಫೋನನ್ನು ಅಕ್ಕಿಡಬ್ಬದ ಮೇಲಿಟ್ಟು ತೋಟದ ಕಡೆ ನಡೆದುಬಿಟ್ಟೆ.

ಅಲ್ಲಿ ಏನಾಯಿತೆಂದು ಅವಳು ಆಮೇಲೆ ಹೇಳಿದಳು. ಮೇಜಿನ ಆಚೆ ಇಬ್ಬರು ಪಾಲುದಾರರು. ಮೊದಲ ಪ್ರಶ್ನೆ ನಾವು ಎಣಿಸಿದ್ದೇ. ಎರಡನೆಯದೂ ಎಣಿಸಿದ್ದೇ: ‘ಎರಡನೆಯ ಗುಂಪಿಗೆ ಇನ್ನೊಂದು ಸಲ ಕೂತಿರಲ್ಲ, ಯಾಕೆ?’ ಅವಳು ಹೇಳಿದಳು. ‘ಒಂದು ಪತ್ರಿಕೆಯಲ್ಲಿ 38 ಬಂತು ಸರ್. ದೊಡ್ಡ ಲೆಕ್ಕದಲ್ಲಿ ಸಿಕ್ಕಿಕೊಂಡು ಕೊನೆಯ ಎರಡು ಪ್ರಶ್ನೆಗೆ ಸಮಯ ಸಾಲಲಿಲ್ಲ. ಎರಡನೆಯ ಸಲ ಗಡಿಯಾರ ಇಟ್ಟುಕೊಂಡು ಬರೆದು ಅಭ್ಯಾಸ ಮಾಡಿದೆ.’ ಅವರು ‘ಸರಿ’ ಎಂದು ಮುಂದೆ ಹೋದರಂತೆ. ಮನೆಯಲ್ಲಿ ಅಷ್ಟು ದೊಡ್ಡ ಜಗಳಕ್ಕೆ ಕಾರಣವಾದ ವಿಷಯ ಅಲ್ಲಿ ಅರ್ಧ ನಿಮಿಷವೂ ನಡೆಯಲಿಲ್ಲ!

ಆಮೇಲೆ ಅವರಲ್ಲಿ ಹಿರಿಯರು ಊರಿನ ಹೆಸರು ನೋಡಿ ಕೇಳಿದರು. ‘ತಿಪಟೂರಿನವರು, ಕೊಬ್ಬರಿ ಗೊತ್ತಿರಬೇಕು. ವ್ಯಾಪಾರಿಯ ಪುಸ್ತಕದಲ್ಲಿ 100 ಕ್ವಿಂಟಲ್ ಕೊಬ್ಬರಿ ದಾಸ್ತಾನು ಇದೆ. ನೀವು ಹೋಗಿ ತೂಗಿಸಿದರೆ 97 ಬಂತು. ಏನು ಮಾಡುತ್ತೀರಿ?’

ಮಕ್ಕಳೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಕಳ್ಳತನ ಎನ್ನುತ್ತಿದ್ದಿರಾ? ಅವಳು ಹಾಗೆನ್ನಲಿಲ್ಲ. ಮೊದಲು ತಕ್ಕಡಿ ಸರಿ ಇದೆಯೇ, ಮುದ್ರೆ ಬಿದ್ದಿದೆಯೇ ನೋಡಿ ಇನ್ನೊಮ್ಮೆ ತೂಗಿಸುತ್ತೇನೆ ಎಂದಳು. ಅವತ್ತು ಬೆಳಿಗ್ಗೆ ಹೊರಗೆ ಹೋದ ಮಾಲಿನ ಬಿಲ್ಲು ಇನ್ನೂ ಪುಸ್ತಕಕ್ಕೆ ಏರಿಲ್ಲವೇ ಎಂದು ನೋಡುತ್ತೇನೆ ಎಂದಳು. ಆಮೇಲೆ ಊರಿನ ಮಾತು ಹೇಳಿದಳು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಒಳಗೇ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತೇವೆ. ಸರಿಯಾಗಿ ಒಣಗದ ಮಾಲು ಕೊಂಡು ಗೋದಾಮಿನಲ್ಲಿ ಇಟ್ಟರೆ ತೇವ ಆರಿ ತೂಕ ಇಳಿಯುತ್ತದೆ. ‘ಎಷ್ಟು ದಿನದಿಂದ ಇದೆ, ಹಿಂದಿನ ವರ್ಷಗಳಲ್ಲಿ ಎಷ್ಟು ಇಳಿದಿತ್ತು ಎಂದು ಹೋಲಿಸುತ್ತೇನೆ. ಅದಕ್ಕೂ ಮೀರಿ ಕಡಿಮೆ ಇದ್ದರೆ ಗೋದಾಮಿನವರನ್ನು ಕೇಳಿ, ಅವರು ಹೇಳಿದ್ದನ್ನೂ ನಾನು ಕಂಡದ್ದನ್ನೂ ಬೇರೆ ಬೇರೆಯಾಗಿ ಬರೆದು ನಿಮಗೆ ಕೊಡುತ್ತೇನೆ’ ಎಂದಳು. ನಡುವೆ ಇಂಗ್ಲಿಷ್ ತಡವರಿಸಿತಂತೆ. ‘ಅಟ್ಟ’ ಎಂಬುದಕ್ಕೆ ಪದ ಸಿಗದೆ ಅಟ್ಟ ಎಂದೇ ಬಿಟ್ಟಳು. ಅವರಿಗೆ ಅರ್ಥವಾಯಿತು.

ಕೊನೆಗೆ ಕಂಪ್ಯೂಟರಿನ ಪ್ರಶ್ನೆ. ಎಕ್ಸೆಲ್ ಎಷ್ಟು ಗೊತ್ತು? ‘ಕೂಡುವುದು, ವಿಂಗಡಿಸುವುದು ಗೊತ್ತು ಸರ್. ದೊಡ್ಡ ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ ತೆಗೆಯುವುದು, ಸಾರಾಂಶ ಮಾಡುವುದು ಇನ್ನೂ ಬರುವುದಿಲ್ಲ’ ಎಂದಳು.

ಹನ್ನೊಂದು ದಿನ ಕಾದೆವು. ಎರಡೇ ಸಾಲಿನ ಉತ್ತರ ಬಂತು. ಬೇರೆಯವರನ್ನು ಆರಿಸಿಕೊಂಡಿದ್ದೇವೆ, ನಿಮಗೆ ಒಳ್ಳೆಯದಾಗಲಿ.

ಅವತ್ತು ಅವಳು ಊಟ ಬೇಡವೆಂದಳು. ‘ಜ್ವರ ಅಂತ ಹೇಳಿದ್ರೆ ಚೆನ್ನಾಗಿತ್ತು’ ಎಂದ ಮಾವ. ಯಾರೂ ಅವನಿಗೆ ಉತ್ತರ ಕೊಡಲಿಲ್ಲ. ರಾತ್ರಿ ಅಜ್ಜಿ ತಟ್ಟೆಗೆ ಬಿಸಿ ಅನ್ನ, ಸಾರು ಕಲಸಿ ತಂದು ಪಕ್ಕದಲ್ಲಿ ಕೂತಳು. ‘ಸಂತೆಯಲ್ಲಿ ಒಬ್ಬರು ಬೇಡ ಅಂದ ಕಾಯನ್ನೇ ಇನ್ನೊಬ್ಬರು ಕೊಂಡುಕೊಂಡು ಹೋಗ್ತಾರೆ ಕಣೇ. ಕಾಯಿ ಕೆಟ್ಟಿದ್ರೆ ಅಳು, ಇಲ್ಲದಿದ್ರೆ ಉಣ್ಣು’ ಎಂದಳು. ಹುಡುಗಿ ಅಳುತ್ತಲೇ ನಕ್ಕಳು, ಉಂಡಳು.

ಮಾರನೆಯ ದಿನ ಅಲ್ಲೇ ಕಲಿಯುತ್ತಿದ್ದ ಹುಡುಗಿಯನ್ನು ವಿಚಾರಿಸಿದಳು. ಇದ್ದದ್ದು ಒಂದೇ ಜಾಗ. ಅದಕ್ಕೆ ಕಂಪ್ಯೂಟರ್ ಕೆಲಸ ಚೆನ್ನಾಗಿ ಬರುವವರು ಬೇಕಿತ್ತು, ಅಂಥವನೊಬ್ಬ ಸಿಕ್ಕಿದ್ದ. 38ಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಆ ಸಂಜೆಯೇ ಅವಳು ಅಪ್ಪನ ಅಂಗಡಿಯ ಒಂದು ವರ್ಷದ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸಲು ಕೂತಳು. ಹನ್ನೆರಡು ದಿನ ಅದೇ ಕೆಲಸ. ಯಾವ ತಿಂಗಳು ಬೆಲ್ಲ ಹೆಚ್ಚು ಖರ್ಚಾಗುತ್ತದೆ, ಯಾರ ಉದ್ರಿ ಮೂರು ತಿಂಗಳು ಮೀರಿದೆ ಎಂದೆಲ್ಲ ಒಂದೇ ಗುಂಡಿ ಒತ್ತಿ ತೆಗೆಯುವುದನ್ನು ಕಲಿತಳು. ಅವಳ ಅಪ್ಪ ಆ ಉದ್ರಿಯ ಪಟ್ಟಿ ನೋಡಿ ಗಾಬರಿಯಾದ ಅನ್ನುವುದು ಬೇರೆ ಮಾತು.

ಮುಂದಿನ ಕರೆ ರಾಜಾಜಿನಗರದ ಒಂದು ಚಿಕ್ಕ ಫರ್ಮಿನದು. ಅಲ್ಲಿ ಒಂದೇ ಒಂದು ಗಟ್ಟಿ ಪ್ರಶ್ನೆ ಕೇಳಿದರಂತೆ. ‘ಸಂಜೆ ಏಳು ಗಂಟೆ. ನಿಮ್ಮ ಸೀನಿಯರ್, ಈ ಇಪ್ಪತ್ತು ಬಿಲ್ಲು ನೋಡಬೇಕಾಗಿಲ್ಲ, ಸುಮ್ಮನೆ ಟಿಕ್ ಹಾಕಿಬಿಡು ಎಂದರು. ಏನು ಮಾಡುತ್ತೀರಿ?’

ಇದನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ‘ಅರ್ಧ ಗಂಟೆ ಕೊಡಿ, ನೋಡಿಯೇ ಹಾಕುತ್ತೇನೆ ಎಂದು ಕೇಳಿಕೊಳ್ಳುತ್ತೇನೆ ಮೇಡಂ. ಆಗುವುದಿಲ್ಲ ಎಂದರೆ ಟಿಕ್ ಹಾಕುವುದಿಲ್ಲ. ಬಿಲ್ಲು ನೋಡಿಲ್ಲ ಎಂದು ಪಕ್ಕದಲ್ಲಿ ಬರೆದಿಡುತ್ತೇನೆ.’

‘ಸೀನಿಯರ್‌ಗೆ ಕೋಪ ಬಂದರೆ?’

‘ಬರಬಹುದು. ಬಿಲ್ಲು ತಪ್ಪಿದ್ದು ಆಮೇಲೆ ಗೊತ್ತಾದರೆ ನಿಮಗೆ ಇನ್ನೂ ಹೆಚ್ಚು ಕೋಪ ಬರುತ್ತದೆ.’

ಮೇಡಂ ನಕ್ಕರಂತೆ. ಆಮೇಲೆ ‘ನೀವು ಏನಾದರೂ ಕೇಳುವುದಿದೆಯೇ’ ಎಂದರು. ಇಲ್ಲಿ ‘ಏನೂ ಇಲ್ಲ’ ಎಂದು ಎದ್ದುಬರಬಾರದು, ನೆನಪಿರಲಿ. ಇವಳು ಕೇಳಿದಳು: ‘ಮೊದಲ ಆರು ತಿಂಗಳು ನನಗೆ ಯಾರು ಕೆಲಸ ಹೇಳಿಕೊಡುತ್ತಾರೆ? ಆಡಿಟ್ಟು, ತೆರಿಗೆ ಎರಡನ್ನೂ ಕಲಿಯಲು ಅವಕಾಶ ಇದೆಯೇ?’ ನಾಲ್ಕು ದಿನದಲ್ಲಿ ಫೋನು ಬಂತು. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಬನ್ನಿ ಎಂದರು. ಈಗ ಅತ್ತೆಯ ಮನೆಯಿಂದ ದಿನಾ ಎರಡು ಬಸ್ಸು ಬದಲಾಯಿಸಿ ಹೋಗಿ ಬರುತ್ತಾಳೆ. ಮೊದಲ ವಾರ ಬರೀ ವೋಚರು ಜೋಡಿಸುವ ಕೆಲಸವೇ ಅಂತೆ. ಬೇಜಾರು ಎಂದು ಫೋನಿನಲ್ಲಿ ಗೊಣಗಿದಳು. ನಾನು ಮಂಡಿಗೆ ಸೇರಿದಾಗ ಮೊದಲ ಮೂರು ತಿಂಗಳು ಚೀಲ ಎಣಿಸಿದ್ದೆ ಎಂದೆ.

ಮಕ್ಕಳೇ, ನಿಮಗೆ ಸಂದರ್ಶನದ ವಯಸ್ಸು ಇನ್ನೂ ದೂರ. ಆದರೆ ಈ ಭಾನುವಾರ ಒಂದು ಆಟ ಆಡಬಹುದು. ಅಜ್ಜ ಅಥವಾ ಅಜ್ಜಿ ಕುರ್ಚಿಯ ಮೇಲೆ ಕೂರಲಿ. ನೀವು ಬಾಗಿಲು ತಟ್ಟಿ ಒಳಗೆ ಬನ್ನಿ. ಈ ಐದು ಪ್ರಶ್ನೆಗೆ ಉತ್ತರ ಹೇಳಿ. ನಿನ್ನ ಬಗ್ಗೆ ಎರಡು ನಿಮಿಷ ಹೇಳು. ಈ ವಾರ ಶಾಲೆಯಲ್ಲಿ ಕಲಿತ ಒಂದು ವಿಷಯವನ್ನು ನನಗೆ ಅರ್ಥವಾಗುವಂತೆ ಹೇಳು. ನಿನಗೆ ಕಡಿಮೆ ಅಂಕ ಬಂದ ವಿಷಯ ಯಾವುದು, ಯಾಕೆ? ಡಬ್ಬಿಯಲ್ಲಿ ಹತ್ತು ಚಕ್ಕುಲಿ ಇರಬೇಕಿತ್ತು, ಏಳಿದೆ, ಹೇಗೆ ಪತ್ತೆ ಮಾಡುತ್ತೀ? ನನ್ನನ್ನು ಏನಾದರೂ ಕೇಳುವುದಿದೆಯೇ?

ಆಮೇಲೆ ಜಾಗ ಬದಲಾಯಿಸಿ. ನೀವು ಕುರ್ಚಿಯ ಮೇಲೆ, ಹಿರಿಯರು ಬಾಗಿಲಲ್ಲಿ. ಅವರು ಮೊದಲ ಸಲ ಕೆಲಸ ಕೇಳಿಕೊಂಡು ಹೋದದ್ದು ಎಲ್ಲಿಗೆ, ಯಾರು ಏನು ಕೇಳಿದರು, ಕೈ ನಡುಗಿತೇ ಎಂದು ವಿಚಾರಿಸಿ. ನಿಮಗೆ ಈವರೆಗೂ ಹೇಳದ ಕಥೆಯೊಂದು ಸಿಕ್ಕೀತು. ಮೂರು ಚಕ್ಕುಲಿಯ ಲೆಕ್ಕ ಮಾತ್ರ, ತಿಂದವರು ಯಾರೇ ಆಗಲಿ, ಒಪ್ಪಿಸಿಬಿಡಿ.